ತಾಯಿಯ ಸಹಿ ನಡೆಯುವುದಿಲ್ಲವಂತೆ

ಹೋದ ಸೋಮವಾರ ಕಡೂರಿನ ಒಂದು ಹೈಸ್ಕೂಲಿನಲ್ಲಿ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಯುವ ಮುಂಚೆಯೇ ಬರೆದುಬಿಡುತ್ತೇನೆ.

ಅಲ್ಲಿ ‘ಮದರ್ಸ್ ಡೇ’ ಇತ್ತು. (ಅಮೆರಿಕದಲ್ಲಿ ಅದು ಮೇ ತಿಂಗಳಲ್ಲಿ. ಮೇನಲ್ಲಿ ನಮ್ಮ ಸ್ಕೂಲುಗಳಿಗೆ ರಜ. ಹಾಗಾಗಿ ನಮ್ಮ ತಾಯಂದಿರು ಜೂನ್‌ವರೆಗೆ ಕಾಯಬೇಕಾಯಿತು.) ನಾನು ಅತಿಥಿ. ಹೆಡ್‌ಮಾಸ್ಟರ್ ಚೆನ್ನಾಗಿಯೇ ಮಾತಾಡಿದರು. ಇಂಗ್ಲೆಂಡಿನಲ್ಲಿ ಹಿಂದೆಲ್ಲ ಮನೆಗೆಲಸದ ಹುಡುಗಿಯರಿಗೆ ಒಂದು ಭಾನುವಾರ ತಾಯಿಯನ್ನು ನೋಡಿಬರಲು ರಜ ಕೊಡುತ್ತಿದ್ದರಂತೆ. ಜಪಾನಿನಲ್ಲಿ ಕೆಂಪು ಹೂವು ಕೊಡುತ್ತಾರಂತೆ. ಥೈಲೆಂಡಿನಲ್ಲಿ ಮಕ್ಕಳು ತಾಯಿಯ ಕಾಲಿಗೆ ಬೀಳುತ್ತಾರಂತೆ. “ನಮ್ಮಲ್ಲಂತೂ ತಾಯಿಯೇ ದೇವರು” ಎಂದು ಮುಗಿಸಿದರು. ಚಪ್ಪಾಳೆ. ಅಡ್ಮಿಷನ್‌ಗೆಂದು ಬಂದಿದ್ದ ಹೆಂಗಸರನ್ನೆಲ್ಲ “ಬನ್ನಿ ತಾಯಿ” ಎಂದು ವೇದಿಕೆಗೆ ಕರೆದು, ಒಂದೊಂದು ಗುಲಾಬಿ ಕೊಟ್ಟು ಕೈಮುಗಿದರು.

ಅವರಲ್ಲೊಬ್ಬಳು ಹಾಲಮ್ಮ. ಅಜ್ಜಂಪುರದವಳು. ಕಡೂರಿಗೆ ಬಂದು ಹೊಲಿಗೆ ಮಷಿನ್ ತುಳಿದು ಬದುಕುತ್ತಿದ್ದಾಳೆ. ಗಂಡ ಬಿಟ್ಟುಹೋದಾಗ ಮಗಳು ಗೀತಾ ಇನ್ನೂ ತೊಟ್ಟಿಲಲ್ಲಿದ್ದಳು. ಈಗ ಎಂಟನೇ ಕ್ಲಾಸಿಗೆ ಸೇರಬೇಕು.

ಕಾರ್ಯಕ್ರಮ ಮುಗಿಯಿತು. ನಾವು ಆಫೀಸಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಹಾಲಮ್ಮ ಅರ್ಜಿ ಹಿಡಿದು ಒಳಗೆ ಬಂದಳು. ಹೆಡ್‌ಮಾಸ್ಟರ್ ಅದರ ಮೇಲೆ ಕಣ್ಣಾಡಿಸಿದರು.

“ಇಲ್ಲಿ ನೀನ್ಯಾಕಮ್ಮ ಸಹಿ ಹಾಕಿದೀಯ? ಹುಡುಗಿ ಅಪ್ಪನ್ನ ಕರ್ಕೊಂಡು ಬಾ.”

“ಅವ್ರು ಎಲ್ಲವ್ರೋ ಗೊತ್ತಿಲ್ಲ ಸಾ. ಸಾಕ್ತಿರೋಳು ನಾನೇ.”

“ಹಂಗಾರೆ ಮನೆ ಕಡೆ ಯಾರಾದ್ರೂ ಗಂಡಸ್ರನ್ನ ಕರ್ಕೊಂಡು ಬಾ.”

ನಾನು ಲೋಟ ಕೆಳಗಿಟ್ಟೆ. “ಈಗ ತಾನೇ ದೇವರು ಅಂದ್ರಲ್ಲ ಸಾರ್. ದೇವರ ಸಹಿ ನಡೆಯೋಲ್ವಾ?”

“ಅದು ಭಾಷಣ ಮೇಡಂ, ಇದು ಆಫೀಸು” ಎಂದು ನಕ್ಕರು.

ಯಾವ ರೂಲು, ತೋರಿಸಿ ಎಂದೆ. ತೋರಿಸಲಿಲ್ಲ. “ಮೊದ್ಲಿಂದ ಹಂಗೇ ನಡ್ಕೊಂಡು ಬಂದಿದೆ” ಎಂದರು.

ಮರುದಿನ ಹಾಲಮ್ಮ ತರೀಕೆರೆಯಿಂದ ತಮ್ಮ ಸಿದ್ದೇಶನನ್ನು ಕರೆಸಿದಳು. ಅವ್ವ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ನಾನೂ ಜೊತೆಗೆ ಹೋದೆ. ಹೆಡ್‌ಮಾಸ್ಟರ್ ಸಿದ್ದೇಶನಿಗೆ ಕುರ್ಚಿ ತೋರಿಸಿದರು. ಹಾಲಮ್ಮ ಬಾಗಿಲ ಹತ್ತಿರ ನಿಂತೇ ಇದ್ದಳು. ಪೆನ್ನು ಕೈಗೆ ಬಂದ ಮೇಲೆ ಸಿದ್ದೇಶ ತಿರುಗಿ ಕೇಳಿದ: “ಗೀತಾ ಈಗ ಎಷ್ಟನೇ ಕ್ಲಾಸಕ್ಕಾ?”

ಅವನ ಸಹಿ ನಡೆಯಿತು!

ಹೊರಗೆ ಬಂದಾಗ ಹಾಲಮ್ಮನ ಮುಖ ನೋಡಲು ನನಗೇ ಸಂಕಟ. ಅವಳೇ ಸಮಾಧಾನ ಹೇಳಿದಳು. “ಸೀಟು ಸಿಕ್ತಲ್ಲಕ್ಕಾ, ಬಿಡಿ. ನಂಗೆ ಇದೇನು ಹೊಸ್ದಾ?”

ಹೊಸದಲ್ಲ, ನಿಜ. ಖಾತೆ ಬದಲಾಯಿಸಲು ಹೋದರೂ, ರೇಷನ್ ಕಾರ್ಡಿಗೆ ಹೋದರೂ ಮೊದಲ ಪ್ರಶ್ನೆ ‘ಯಜಮಾನ್ರು ಎಲ್ಲಿ?’ ಎಂದೇ. ಕೇಳಿ ಕೇಳಿ ನಮ್ಮ ಹೆಂಗಸರಿಗೆ ಅದು ಅವಮಾನ ಅನ್ನಿಸುವುದೂ ನಿಂತುಹೋಗಿದೆ. ನನ್ನ ಸಿಟ್ಟು ಅದಕ್ಕೇ.

ತಾಯಿಗೆ ಒಂದು ದಿನ ಕೊಡುವುದು ಹಾಗಿರಲಿ ಸ್ವಾಮಿ, ಮೊದಲು ಒಂದು ಸಹಿಯಷ್ಟು ಜಾಗ ಕೊಡುತ್ತೀರಾ?