ಯುಗಾದಿಯ ದಿನ ಬಂದ ಪಿಸ್ಟನ್ನುಗಳು

ಯುದ್ಧ ಮುಗಿದ ಮೇಲೆ ದಂಡಿನವರು ಮಾರಿದ ಹಳೆಯ ಲಾರಿಯೊಂದನ್ನು ನಾನೂ ಅಣ್ಣನೂ ತರಕಾರಿ ಸಾಗಿಸಲು ಕೊಂಡಿದ್ದೆವು. ಅದರ ಎಂಜಿನ್ನು ಬರೀ ಹೊಗೆ ಉಗುಳುತ್ತಿತ್ತು. ಚಾಮರಾಜಪೇಟೆಯ ಲೇತಿನ ಕಾರ್ಖಾನೆಯ ಯಜಮಾನರು, "ಮೊದ್ಲು ಬಿಚ್ಚಿ ಸಿಲಿಂಡರ್ ಅಳೀತೀನಿ. ಸವೆದಿದ್ರೆ ಕೊರೆದು ಅಗಲ ಮಾಡ್ಬೇಕು. ಅಲ್ಲೀವರೆಗೂ ಏನೂ ಕೊಳ್ಬೇಡಿ," ಎಂದು ಕೈಮುಗಿದು ಹೇಳಿದ್ದರು.

ಅಣ್ಣ ಕೇಳಬೇಕಲ್ಲ! ಯುಗಾದಿಯ ದಿನ ಕೊಂಡದ್ದು ವರ್ಷವೆಲ್ಲ ಕೈಹಿಡಿಯುತ್ತದೆಂದು ಬೆಳಿಗ್ಗೆಯೇ ಸಿಲಿಂಡರಿನೊಳಗೆ ಕೂರುವ ಹೊಸ ಪಿಸ್ಟನ್ನುಗಳನ್ನು ತಂದು, ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟ. ಲೇತಿನ ಕೆಲಸಕ್ಕೆಂದು ತೆಗೆದಿಟ್ಟಿದ್ದ ದುಡ್ಡಿನಲ್ಲಿ ಅರ್ಧ ಅಲ್ಲಿಗೇ ಹೋಯಿತು. ಹಬ್ಬ ಕಳೆದು ಸಿಲಿಂಡರ್ ಕೊರೆದಾಗ ಅವು ಅದರೊಳಗೆ ಲೊಡಲೊಡನೆ ಅಲ್ಲಾಡಿದವು.

"ಇವನ್ನ ವಾಪಸ್ ಕೊಟ್ಟು ದಪ್ಪದ್ದು ತಗೊಂಡ್ಬಾ," ಎಂದೆ.

"ಹಬ್ಬದ ದಿನ ಮನೆಗೆ ಬಂದದ್ದನ್ನ ಯಾರಾದ್ರೂ ಹೊರಗೆ ಕಳಿಸ್ತಾರೇನೋ?" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಕೊನೆಗೆ ನನ್ನ ಸೈಕಲ್ಲು ಮಾರಿ ದಪ್ಪ ಪಿಸ್ಟನ್ನುಗಳನ್ನು ತಂದೆ. ಖರ್ಚು ಕೈಮೀರಿದ್ದು ಹೇಗೆಂದು ಅಣ್ಣನನ್ನೇ ಕೇಳಿದೆ. ಅವನು ದೇವರ ಮನೆಯಲ್ಲಿ ಕೂತು ಯುಗಾದಿಯ ದಿನ ತಂದ ಪಿಸ್ಟನ್ನುಗಳಿಗೆ ಹೂವಿಡುತ್ತಿದ್ದ.

"ಇವು ಹಬ್ಬದ ಖರ್ಚಿಗೆ ಸೇರ್ತವೆ, ಬಿಡು. ನಮ್ಮ ಲೆಕ್ಕ ಕೆಡಿಸಿದ್ದು ಆ ಲೇತಿನವರು."