ಟೈಪಿಗೆ ಕೊಡಬೇಕಾದ ಕಾಗದ

ರೆಹಾನಾ, ನೀನು ವಕೀಲೆಯಾಗದಂತೆ ತಡೆದದ್ದು ಕಾಯ್ದೆಯಲ್ಲ, ನಿನ್ನ ನಸೀಬೂ ಅಲ್ಲ — ನಾನು, ಸರೋಜಾ.

ನರಗುಂದದ ಆ ಶಾಲೆಯಲ್ಲಿ ಇಬ್ಬರೂ ಅತಿಥಿ ಶಿಕ್ಷಕಿಯರಾಗಿದ್ದೆವು. ನನ್ನದು ಕಾಲೇಜಿಗೆ ಹೋಗಿ ಪಡೆದ ಬಿ.ಎಸ್ಸಿ. ನೀನು ಖಾಸಗಿಯಾಗಿ ಪರೀಕ್ಷೆ ಕಟ್ಟಿ ಪಿಯುಸಿ ಪಾಸಾಗಿ, ಆಮೇಲೆ ಅಂಚೆ ತೆರಪಿನ ಶಿಕ್ಷಣದಲ್ಲಿ ಮನೆಯಲ್ಲೇ ಓದಿ ಬಿ.ಎ. ಮುಗಿಸಿದ್ದೆ. ಇನ್ನು ಮೂರು ವರ್ಷ ಕಾನೂನು ಓದಿ ರೋಣದ ಕೋರ್ಟಿಗೆ ಜೋಡಿಯಾಗಿ ಹೋಗೋಣವೆಂದು ಮೊದಲು ಹೇಳಿದವಳು ನೀನೇ. ಹಾಸಿಗೆ ಹಿಡಿದ ಅಬ್ಬಾನನ್ನು ಬಿಟ್ಟು ಬರಲಾಗದೆ, ಗದಗದ ಕಾಲೇಜಿನಲ್ಲಿ ಇಬ್ಬರ ಪರವಾಗಿ ವಿಚಾರಿಸಲು ನನ್ನನ್ನು ಕಳಿಸಿದೆ.

ಅಲ್ಲಿನ ಗುಮಾಸ್ತ ಹೇಳಿದ್ದು ಇಂದಿಗೂ ಕಿವಿಯಲ್ಲಿದೆ. "ಪಿಯುಸಿ ಪಾಸಾಗ್ಯಾರಲ್ಲ, ಅಂಚೆ ಡಿಗ್ರಿನೂ ನಡೀತೈತ್ರಿ. ಎರಡು ಫಾರ್ಮ್ ಒಯ್ರಿ."

ನಿನ್ನ ಮುಂದೆ ನಿಂತಾಗ ನನ್ನ ಬಾಯಿಂದ ಬಂದದ್ದೇ ಬೇರೆ. "ಮನ್ಯಾಗ ಕುಂತು ಮಾಡಿದ ಡಿಗ್ರಿ ನಡ್ಯಂಗಿಲ್ಲಂತ, ರೆಹಾನಾ."

"ನೀನ ಕೇಳಿ ಬಂದೀಯಲ್ಲ, ಮುಗೀತ ಬಿಡು. ನೀ ಆದರೂ ಓದು," ಎಂದೆ ನೀನು. ಇನ್ನೊಬ್ಬರನ್ನು ಕೇಳಬಾರದಿತ್ತೇ, ಒಂದೇ ಒಂದು ಸಲ...

ನಾನು ಯಾಕೆ ಹಾಗೆ ಹೇಳಿದೆ? ಶಿಕ್ಷಕರ ಕೋಣೆಯಲ್ಲಿ ನೀನು ಮಾತಿಗೆ ನಿಂತರೆ ಮುಖ್ಯಗುರುಗಳೂ ಸುಮ್ಮನಾಗುತ್ತಿದ್ದರು. ಒಂದೇ ಕೋರ್ಟಿನಲ್ಲಿ ನಿನ್ನ ಪಕ್ಕ ಕರಿಕೋಟು ಹಾಕಿ ನಿಂತರೆ ನನ್ನನ್ನು ಯಾರು ಕೇಳುತ್ತಿದ್ದರು? ಹೊಟ್ಟೆಕಿಚ್ಚು — ಬೇರೆ ಹೆಸರಿಲ್ಲ ಅದಕ್ಕೆ. ನಿನಗೆಂದು ತಂದ ಫಾರ್ಮಿನಲ್ಲಿ ನನ್ನ ಹೆಸರು ಬರೆದು ನೋಡಿ, ತಪ್ಪುಗಳನ್ನು ತಿಳಿದುಕೊಂಡು, ಆಮೇಲೆ ನನ್ನದನ್ನು ತುಂಬಿದೆ.

ಈಗ ರೋಣದ ಕೋರ್ಟಿನೆದುರು ತಗಡಿನ ಕೆಳಗೆ ಕೂತು ನೀನು ಟೈಪು ಮಾಡುತ್ತೀ. ಗಜೇಂದ್ರಗಡದಿಂದ ಬಂದ ಪಕ್ಷಕಾರರೂ ಮೊದಲು ನಿನ್ನನ್ನೇ ಹುಡುಕುತ್ತಾರೆ. ಪೂರ್ತಿ ಓದದೆ ನೀನು ಕೀಲಿಗೆ ಬೆರಳಿಡುವವಳಲ್ಲ. "ಮೇಡಂ, ಈ ಕಲಮು ಇಲ್ಲಿ ಕೂಡಂಗಿಲ್ರಿ" ಎಂದು ನನ್ನ ದಾವೆಗಳನ್ನು ತಿದ್ದುತ್ತೀ. ನಾನು ಸಹಿ ಹಾಕಿ ಗೆಲ್ಲುತ್ತೇನೆ. ಮೇಡಂ! ನೀನು ಸರೋಜಾ ಎಂದು ಕರೆದು ಎಷ್ಟು ವರ್ಷವಾಯಿತೋ. ಇಷ್ಟು ವಕೀಲರ ನಡುವೆ ಕೂತೂ ನನ್ನ ಆ ಮಾತನ್ನು ನೀನು ಯಾರಲ್ಲೂ ಒರೆಗೆ ಹಚ್ಚಲಿಲ್ಲ.

ಕಳೆದ ವಾರ ನೀನು ಕೇಳಿದೆ — "ಮಗಳು ಲಾ ಓದ್ತೀನಿ ಅಂತಾಳ್ರಿ. ಅಕಿದೂ ನನ್ನಂಗ ಮನ್ಯಾಗ ಕುಂತು ಮಾಡಿದ ಡಿಗ್ರಿ. ನೀವ ಒಂದೀಟ ಕಾಲೇಜಿನ್ಯಾಗ ಕೇಳಿ ಹೇಳ್ರಿ."

ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. "ನಡೀತೈತಿ," ಎಂದೆ.

ನಿನ್ನ ಮುಖ ಅರಳಿತು. "ಹೌದ್ರಿ? ಈಗ ಕಾಯ್ದೆ ಬದಲಾಗೇತೇನ್ರಿ?"

"ಹೂಂ," ಎಂದೆ. ಎರಡನೇ ಸಲವೂ ಸುಳ್ಳೇ ಹೇಳಿದೆ.

ಕ್ಷಮಿಸು ಎನ್ನುವ ಮುಖವೂ ನನಗಿಲ್ಲ. ಈ ಹಾಳೆಗಳನ್ನು ಕೈಯಲ್ಲಿ ಬರೆದಿದ್ದೇನೆ. ನಾಳೆ ಕೋರ್ಟು ಕೂಡುವ ಮೊದಲು, ಉಳಿದ ಕಾಗದಗಳ ಹಾಗೆ ಇದನ್ನೂ ನಿನ್ನ ಮೇಜಿನ ಮೇಲಿಡುತ್ತೇನೆ. ನೀನು ಪೂರ್ತಿ ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ.