ತಂಗೆವ್ವನ ಗೌಡ

ಗೌಡ ಅವತ್ತೂ ಏನೂ ತಿಂದಿರಲಿಲ್ಲ. ಬೆಳಿಗ್ಗೆ ಎದ್ದವಳೇ ಮಗಳ ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಆಮೇಲೆ ಓಡಿದ್ದು ಪಡಸಾಲೆಯ ಗಾಜಿನ ತೊಟ್ಟಿಯ ಹತ್ತಿರ. ತೆಂಗಿನ ಪರಟೆಯೊಳಗೆ ಬೆರಳುದ್ದದ ಮೀನು, ಬಣ್ಣವೆಲ್ಲ ಇಳಿದು ಮಾಸಿದ ಅರಿವೆಯ ಹಾಗೆ. ಅತ್ತೆ ಊರಿಂದ ಬರುವುದರೊಳಗೆ ಇದು ಸತ್ತರೆ ಏನು ಹೇಳಲಿ? ಒಲೆಯ ಮುಂದೆ ನಿಂತರೂ ಅದೇ, ಮಗಳಿಗೆ ಹಾಲು ಕುಡಿಸುವಾಗಲೂ ಅದೇ.

ನನ್ನ ಅತ್ತೆ ತಂಗೆವ್ವ ಜಮಖಂಡಿಯ ನಮ್ಮ ಓಣಿಯಲ್ಲಿ ಕೂಸುಗಳಿಗೆ ಎರೆಯುವುದರಲ್ಲಿ ಹೆಸರಾದವರು. ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರೆ, ಅಳುವ ಕೂಸು ಅಳು ಮರೆತು ಅವರ ಮುಖ ನೋಡುತ್ತದೆ. ಬೆಳಗಾವಿಯಲ್ಲಿ ಓದಿ ಬಂದ ನಾನು ನೀರಿನ ಬಿಸಿ ಅಳೆಯಲು ಥರ್ಮಾಮೀಟರ್ ತಂದಿಟ್ಟಾಗ, "ಇರ್ಲಿ ಬಿಡಬೇ ಅಕ್ಷತಾ, ಅದೂ ಒಂದು ಝಳಕಾ ಮಾಡ್ಲಿ" ಎಂದು ನಕ್ಕಿದ್ದರು. ಬೇರೆಯವರ ಕೂಸುಗಳಿಗೇ ಅವರ ಹಗಲೆಲ್ಲ ಹೋಗುತ್ತದೆ. ತಮ್ಮದು ಅಂತ ಇಟ್ಟುಕೊಂಡದ್ದು ಈ ಮೀನು ಒಂದೇ.

ಅದೂ ತಾನಾಗಿ ಬಂದದ್ದು. ಚಿಕ್ಕಪಡಸಲಗಿ ಬ್ಯಾರೇಜಿಗೆ ಹೋದಾಗ ಪೂಜೆಗೆಂದು ಕೊಡದಲ್ಲಿ ಹೊಳೆ ನೀರು ತಂದಿದ್ದರು. ಬಗ್ಗಿಸಿದರೆ ತಳದಲ್ಲಿ ಇದು. ನನ್ನ ಗಂಡ ಗೌರೀಶ ಮಗಳಿಗೆಂದು ತಂದಿದ್ದ ಗಪ್ಪಿ ಮೀನುಗಳ ಜೊತೆ ಬಿಟ್ಟರು. ಸೋಮವಾರ ಒಡೆದ ಕಾಯಿಯ ಪರಟೆ ಅದಕ್ಕೆ ಮನೆಯಾಯಿತು. ಆ ಪರಟೆಯ ಬಾಯಲ್ಲಿ ಅದು ಮೀಸೆ ತಿರುವುವವನ ಗತ್ತಿನಲ್ಲಿ ಕೂರುವುದನ್ನು ಕಂಡು ಗೌಡ ಎಂದು ಹೆಸರಿಟ್ಟರು. ದಿನಾ ರೊಟ್ಟಿ ಪುಡಿ, ನೆನೆಸಿದ ಸಾಬೂದಾಣಿ, ಸೋಮವಾರಕ್ಕೊಮ್ಮೆ ಪೂಜೆಯ ಸಕ್ಕರೆ. ತತ್ತಿ ಕೂಡ ಹೊಸ್ತಿಲು ದಾಟದ ಮನೆ ನಮ್ಮದು. ಮೀನು ಮೀನನ್ನೇ ತಿನ್ನುತ್ತದೆಂದು ಯಾರಿಗೆ ಹೊಳೆಯಬೇಕು? ಗಪ್ಪಿ ಮರಿಗಳು ಕಾಣೆಯಾದಾಗ ಬೆಕ್ಕಿಗೆ ಬೈದೆವು.

ಪಕ್ಕದ ಮನೆಯ ರೇಷ್ಮಾ ಒಂದು ದಿನ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಾಕೂ, ಮುಧೋಳ ನಾಯಿಗೆ ಎಮ್ಮಿ ತಿನ್ನೂ ಕಣಕಿ ಹಾಕಿದಂಗಾತಲ್ರಿ! ಅಂವಾ ಬ್ಯಾಟಿ ಆಡಾಂವ. ಹರದಾಡೂ ಜೀವಾನ ಬೇಕು ಅವ್ಗ."

ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. "ಶಿವನ! ಕೊಂದು ಹಾಕಾಕ ನನ್ನ ಕೈಲೆ ಆಗೂದಿಲ್ಲ ಬೇ."

"ನೀವ್ಯಾಕ ಕೊಲ್ತೀರಿ? ನಿಮ್ಮ ಹಿತ್ತಲ ದೋಣ್ಯಾಗ ಸೊಳ್ಳಿ ಹುಳ ತುಂಬ್ಯಾವಲ್ಲ, ಅವನ್ನ ಬಿಡ್ರಿ."

ಹಿಂದೆ ಎಮ್ಮೆ ನೀರು ಕುಡಿಯುತ್ತಿದ್ದ ಕಲ್ಲಿನ ದೋಣಿ ಅದು. ಅತ್ತೆ ಬಹಳ ಹೊತ್ತು ವಿಚಾರ ಮಾಡಿ ತೀರ್ಪು ಕೊಟ್ಟರು: "ಅವು ತಾವಾಗೇ ಹುಟ್ಯಾವ, ಅಂವಾ ತಾನಾಗೇ ತಿಂತಾನ. ನಡುವ ನಂದೇನೈತಿ? ನಾ ಬರೇ ಜಾಗಾ ಬದಲ ಮಾಡಾಕಿ."

ಉಳಿದ ಗಪ್ಪಿಗಳು ರೇಷ್ಮಾಳ ಮನೆ ಸೇರಿದವು. ಗೌಡ ಮೈದುಂಬಿದ. ಹುಳ ಕಂಡರೆ ನೀಲಿ, ಕೆಂಪು ಬಣ್ಣವೇರಿಸಿಕೊಂಡು ಚಿಮ್ಮುತ್ತಿದ್ದ.

ನನ್ನ ನಿದ್ದೆ ಹಾರಿತು. ಆಚೆ ಓಣಿಯಲ್ಲಿ ಡೆಂಗಿ, ಮಗಳ ತೋಳಲ್ಲಿ ಕೆಂಪು ಗುಳ್ಳೆ, ಹಿತ್ತಲಲ್ಲೇ ಸೊಳ್ಳೆ ಸಾಕಣೆ! ನಾನು ಬಾಯಿಬಿಟ್ಟು ಏನೂ ಅಂದಿರಲಿಲ್ಲ. ಗುಳ್ಳೆಗೆ ಮುಲಾಮು ಹಚ್ಚುತ್ತ ದೋಣಿಯ ಕಡೆ ನೋಡಿದ್ದಷ್ಟೆ. ತಮ್ಮ ತಂಗಿಯ ಮಗಳ ಬಾಣಂತನಕ್ಕೆ ಗಲಗಲಿಗೆ ಹೊರಟ ದಿನ ಅತ್ತೆ ತಾವೇ ದೋಣಿಯ ನೀರು ಬಳಿದು ಚೆಲ್ಲಿ ಒರೆಸಿದರು. "ಕೂಸಿಗಿಂತ ಇಂವಾ ಹೆಚ್ಚಲ್ಲ. ರೊಟ್ಟಿ ಹಾಕಿ ನೋಡು, ತಿಂದ್ರ ತಿಂದ." ಹೋಗುವಾಗ ಮಾತ್ರ ಗಾಜಿನ ಮೇಲೆ ಅಂಗೈ ಇಟ್ಟರು.

ಅಂದಿನಿಂದ ಉಪವಾಸ. ಅಂಗಡಿಯಲ್ಲಿ ಮೀನಿಗೆಂದೇ ಮಾರುವ ಒಣ ಕಾಳು ಹಾಕಿದರೆ ಉಗುಳಿದ. ಸಂಜೆ ಅತ್ತೆಯ ಫೋನು ಬಂದರೆ "ಆರಾಮ ಅದಾನ್ರಿ" ಎನ್ನುತ್ತಿದ್ದೆ. "ಉಂಡಾನೇನು?" ಎಂದರೆ ಫೋನನ್ನು ಮಗಳ ಕೈಗೆ ಕೊಟ್ಟುಬಿಡುತ್ತಿದ್ದೆ.

ಆ ಬೆಳಿಗ್ಗೆ ಅವನ ಮಾಸಿದ ಮೈ ನೋಡಲಾಗದೆ, ಹಿತ್ತಲ ಮೂಲೆಯಲ್ಲಿ ಒಂದು ಬಕೆಟ್ ನೀರಿಟ್ಟೆ. ಹೋಗಿ ಹೋಗಿ ಬಗ್ಗಿ ನೋಡುವುದನ್ನು ಕಂಡು ಗೌರೀಶ ಕಾಡಿದ: "ಮಂದಿ ಹಾಲು ಹೆಪ್ಪಾತೇನು ಅಂತ ನೋಡ್ತಾರ, ನೀ ಸೊಳ್ಳಿ ಆತೇನು ಅಂತ ನೋಡಾಕತ್ತಿ."

ಮೂರ್ನಾಲ್ಕು ದಿನಕ್ಕೆ ಎಳೆಯಂಥ ಹುಳ ಕುಣಿಯುವುದು ಕಂಡ ಕೂಡಲೇ ಬಕೆಟ್ಟಿನ ಬಾಯಿಗೆ ಬಟ್ಟೆ ಬಿಗಿದೆ. ಮಗಳು ಹುಟ್ಟಿದಾಗ ಅವಳನ್ನು ಸುತ್ತಲೆಂದು ಅತ್ತೆ ಹರಿದುಕೊಟ್ಟಿದ್ದ, ಅವರದೇ ಹಳೆಯ ಇಳಕಲ್ ಸೀರೆಯ ಮೆತ್ತನೆಯ ತುಂಡು. ಒಂದು ಸೊಳ್ಳೆಯೂ ಹೊರಬೀಳಬಾರದೆಂದು ದಾರ ಕಟ್ಟಿದೆ, ಸಾಲದೆಂದು ಬಿಚ್ಚಿ ಮತ್ತೆ ಕಟ್ಟಿದೆ. ಹುಳ ತುಸು ಬಲಿತ ಮೇಲೆ ಚಹಾ ಸೋಸುವ ಜಾಲರಿಯಲ್ಲಿ ಹಿಡಿದು ತೊಟ್ಟಿಗೆ ಬಿಟ್ಟೆ.

ಗೌಡ ಅಲುಗಾಡಲಿಲ್ಲ. ಆಮೇಲೆ ಒಂದು ಕಣ್ಣು ತಿರುಗಿತು. ಮೈಮೇಲೆ ನಿಧಾನವಾಗಿ ನೀಲಿ ಹರಡಿತು. ಪರಟೆಯಿಂದ ಮೂತಿ ಹೊರಗೆ ಬಂತು, ಮತ್ತೆ... ಟಪ್! ಕಂಕುಳಲ್ಲಿದ್ದ ಮಗಳು ಕೈ ತಟ್ಟಿದಳು.

ಸಂಜೆಯವರೆಗೆ ಕಾಯಲಾಗಲಿಲ್ಲ. ನಾನೇ ಫೋನು ಹಚ್ಚಿದೆ.

"ಅತ್ತೀ, ಗೌಡ ಉಂಡ್ರಿ."

"ಇಷ್ಟ ದಿನಾ ಉಂಡಿರ್ಲಿಲ್ಲೇನು?"

"ಇಲ್ರಿ."

"ನನಗ ಗೊತ್ತಿತ್ತು ಬಿಡು. ಉಂಡಿದ್ರ ನೀ ತಾಸಗಟ್ಟಲೆ ಹೇಳ್ತಿದ್ದಿ." ನಕ್ಕರು. "ಏನ ಹಾಕಿದಿ?"

"ಬಕೆಟ್ಟಿನ್ಯಾಗ ಹುಳ ಮಾಡೇನ್ರಿ. ನಿಮ್ಮ ಸೀರಿ ತುಂಡು ಬಿಗದು ಕಟ್ಟೇನಿ, ಒಂದೂ ಹೊರಗ ಬರೂದಿಲ್ಲ."

ಹಿಂದೆಲ್ಲೋ ಹಸುಗೂಸು ಅಳುತ್ತಿತ್ತು. ಆ ಅಳುವಿನ ನಡುವೆಯೇ ಅತ್ತೆ ಕೇಳಿದರು.

"ಕೂಸಿಗೆ ಸೊಳ್ಳಿ ಪರದೆ ಕಟ್ಟೀಯಿಲ್ಲೋ?"

"ಕಟ್ಟೇನ್ರಿ."

"ಮತ್ತ ನಿನಗ, ಬೇ?"